ರಾಗಿಗೆ ಗರಿಕೆ ಹತ್ತಿರ, ನವಣೆ ದೂರ: ಎಲೆ ಕೊಯ್ದು ನೆಂಟಸ್ತಿಕೆ ನೋಡುವ ಬಗೆ

ಪ್ರಶ್ನೆ: ನಾನು ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ನಮ್ಮ ಸುತ್ತಮುತ್ತ ರಾಗಿ, ಸಾಮೆ, ನವಣೆ, ಕೊರಲೆ, ಊದಲು ಬೆಳೆಯುತ್ತಾರೆ. ತೆನೆ ಬಂದ ಮೇಲೆ ಮಕ್ಕಳೂ ಗುರುತು ಹಿಡಿಯುತ್ತಾರೆ, ಆದರೆ ಪೈರಿನಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಎಲೆಯನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವುದು ಯಾವುದೆಂದು, ಯಾವುದಕ್ಕೆ ಯಾವುದು ಹತ್ತಿರವೆಂದು ಹೇಳಬಹುದೇ? ಹೊಲದ ಬದುವಿನಲ್ಲಿ ತಾನಾಗಿ ಎದ್ದಿರುವ ಒಂದು ಹುಲ್ಲನ್ನು ಊರಿನಲ್ಲಿ ಕೆಲವರು ಸಾಮೆ ಅನ್ನುತ್ತಾರೆ, ಕೆಲವರು ಕೊರಲೆ ಅನ್ನುತ್ತಾರೆ. ಅದನ್ನೂ ಹೀಗೆ ತೀರ್ಮಾನಿಸಬಹುದೇ? ಶಾಲೆಯಲ್ಲಿರುವುದು ಸಾಧಾರಣ ಸೂಕ್ಷ್ಮದರ್ಶಕ.

ಉತ್ತರ: ಹೇಳಬಹುದು, ಶಾಲೆಯ ಸೂಕ್ಷ್ಮದರ್ಶಕವೇ ಸಾಕು. ಆದರೆ ನೀವು ಕೇಳಿರುವುದು ಎರಡು ಬೇರೆ ಬೇರೆ ಪ್ರಶ್ನೆ. ಒಂದು ಹುಲ್ಲು ಯಾವ ಬಳಗಕ್ಕೆ ಸೇರಿದ್ದು ಎಂಬುದಕ್ಕೆ ಎಲೆ ಕೊಡುವ ಉತ್ತರ ಬಹಳ ಗಟ್ಟಿ, ಎಷ್ಟೋ ಸಲ ತೆನೆಗಿಂತಲೂ ಗಟ್ಟಿ. ಇದು ಸಾಮೆಯೋ ಬರಗೋ ಎಂಬಂಥ ಒಡಹುಟ್ಟಿದವರ ನಡುವಿನ ಪ್ರಶ್ನೆ ಬಂದಾಗ ಮಾತ್ರ ಎಲೆಯ ಒಳರಚನೆ ಸಾಮಾನ್ಯವಾಗಿ ಕೈಕೊಡುತ್ತದೆ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ: ಯಾವುದೋ ಒಂದೇ ಲಕ್ಷಣ ಹಿಡಿದುಕೊಂಡು ನೆಂಟಸ್ತಿಕೆ ತೀರ್ಮಾನಿಸಬೇಡಿ. ಇದಕ್ಕೆ ನಿಮ್ಮ ಹೊಲದ ರಾಗಿಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಹುಲ್ಲುಗಳನ್ನು ತೆನೆ ನೋಡಿ ವಿಂಗಡಿಸುವುದು ಹಳೆಯ ಪದ್ಧತಿ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ನವಣೆಯನ್ನೂ ಬರಗನ್ನೂ ‘ಪ್ಯಾನಿಕಮ್’ ಎಂಬ ಒಂದೇ ಜಾತಿಗೆ (ಹತ್ತಿರದ ಹಲವು ಪ್ರಭೇದಗಳ ಗುಂಪು) ಸೇರಿಸಿದ. ಊದಲು, ಸಾಮೆ, ಕೊರಲೆಗಳೂ ಒಂದಲ್ಲ ಒಂದು ಕಾಲದಲ್ಲಿ ಅದೇ ಹೆಸರಿನಡಿ ಬಂದವು. ಸಣ್ಣ ಕಾಳು, ಬಿಗಿಯಾದ ನುಣುಪು ಹೊಟ್ಟು, ಕಾಳಿನ ಸುತ್ತ ಹೆಚ್ಚುಕಡಿಮೆ ಒಂದೇ ಬಗೆಯ ಕವಚಗಳು ಇದ್ದುದರಿಂದ ಹಾಗೆ ಸೇರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ರಾಗಿಯ ಪಾಡು ಬೇರೆ. 19ನೇ ಶತಮಾನದ ಆರಂಭದಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯವಿಜ್ಞಾನಿ ಇಡೀ ಹುಲ್ಲಿನ ಕುಟುಂಬವನ್ನು ಎರಡು ದೊಡ್ಡ ಪಾಲು ಮಾಡಿದ. ಒಂದು ಪಾಲು ನವಣೆ-ಬರಗಿನದು, ಇನ್ನೊಂದು ಗೋಧಿಯದು. ರಾಗಿ ತೆನೆಯ ಒಂದೊಂದು ಪುಟ್ಟ ಗುಚ್ಛದಲ್ಲೂ ಹಲವು ಹೂ ಸಾಲಾಗಿ ಕೂತಿರುತ್ತವೆ, ಗೋಧಿಯಲ್ಲೂ ಹಾಗೇ. ಹೀಗಾಗಿ ರಾಗಿಯ ಗುಂಪು ಗೋಧಿಯ ಪಾಲಿಗೆ ಹೋಯಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಪುಸ್ತಕಗಳಲ್ಲಿ ಅದು ಅಲ್ಲೇ ಇತ್ತು.

ಅಲ್ಲಿಂದ ಅದನ್ನು ಬಿಡಿಸಿದ ಸಾಕ್ಷಿಗಳಲ್ಲಿ ಎಲೆಯ ಪಾತ್ರ ದೊಡ್ಡದು. ಎಲೆಯ ಅಡ್ಡಛೇದ ನೋಡಿ ಹುಲ್ಲುಗಳನ್ನು ಗುಂಪು ಮಾಡಬಹುದೆಂದು ಫ್ರಾನ್ಸಿನ ಡುವಾಲ್-ಜೂವ್ 1875ರಲ್ಲೇ ತೋರಿಸಿದ್ದ. 1931ರಲ್ಲಿ ರಷ್ಯದ ಅವ್ದುಲೋವ್ ವರ್ಣತಂತುಗಳ ಜೊತೆಗೆ ಎಲೆರಚನೆಯನ್ನೂ ಇಟ್ಟು ನೋಡಿದ. 1936ರಲ್ಲಿ ಫ್ರಾನ್ಸಿನ ಪ್ರಾ ಎಲೆಯ ಹೊರಚರ್ಮವನ್ನೇ ಆಧಾರ ಮಾಡಿಕೊಂಡ. ಇವೆಲ್ಲ ಸೇರಿ ರಾಗಿ-ಗರಿಕೆಗಳ ಗುಂಪು ಗೋಧಿಯ ನೆಂಟನಲ್ಲ, ಅದಕ್ಕೆ ತನ್ನದೇ ಬೇರೆ ಮನೆತನ ಇದೆ ಎಂಬುದು ಸ್ಪಷ್ಟವಾಯಿತು. ಇಂದು ಅದನ್ನು ಕ್ಲೋರಿಡಾಯ್ಡೀ ಉಪಕುಟುಂಬ ಅನ್ನುತ್ತೇವೆ, ನವಣೆ-ಸಾಮೆಗಳದ್ದು ಪ್ಯಾನಿಕಾಯ್ಡೀ. ಮುಂದೆ ಡಿಎನ್‌ಎ ಪರೀಕ್ಷೆ ಬಂದಾಗಲೂ ಈ ವಿಂಗಡಣೆಯೇ ಗಟ್ಟಿಯಾಯಿತು. ಈ ಎರಡು ಉಪಕುಟುಂಬಗಳು ಹುಲ್ಲಿನ ವಂಶದ ಒಂದು ದೊಡ್ಡ ಕವಲಿನಲ್ಲಿವೆ, ಭತ್ತ-ಗೋಧಿಗಳು ಇನ್ನೊಂದರಲ್ಲಿ.

ಈಗ ರಾಗಿಯ ಎಲೆಯನ್ನೇ ಕೊಯ್ದು ನೋಡೋಣ. ಪೂರ್ತಿ ಬಲಿತ, ಒಣಗಲು ಶುರುವಾಗದ ಎಲೆ ಬೇಕು. ಅದರ ತುದಿಯೂ ಬೇಡ, ಬುಡವೂ ಬೇಡ, ನಡುಭಾಗ ತೆಗೆದುಕೊಳ್ಳಿ. ನಡುದಿಂಡಿನಿಂದ ಸ್ವಲ್ಪ ಪಕ್ಕಕ್ಕೆ ಸರಿದು ಒಂದು ಬೆರಳುದ್ದದ ತುಂಡು ಕತ್ತರಿಸಿ, ಕ್ಯಾರೆಟ್ಟಿನ ಸೀಳಿನೊಳಗೆ ಸಿಕ್ಕಿಸಿ, ಹೊಸ ಬ್ಲೇಡನ್ನು ನೀರಿನಲ್ಲಿ ಅದ್ದಿ ಒಂದೇ ಎಳೆತಕ್ಕೆ ತೆಳ್ಳಗೆ ಕೊಯ್ಯಿರಿ. ಕೊಯ್ಯುವ ಕೆಲಸ ನೀವೇ ಮಾಡಿ, ಮಕ್ಕಳ ಕೈಗೆ ಬ್ಲೇಡ್ ಬೇಡ. ಹತ್ತಾರು ಚೂರು ಕೊಯ್ದರೆ ಒಂದೋ ಎರಡೋ ಸರಿಯಾಗಿ ಬರುತ್ತವೆ, ಎಲ್ಲರಿಗೂ ಅಷ್ಟೇ. ಮೊದಲ ಸಲ ಯಾವ ಬಣ್ಣವನ್ನೂ ಹಾಕಬೇಡಿ, ಒಂದು ತೊಟ್ಟು ನೀರಿನಲ್ಲಿಟ್ಟು ಹಸಿಯಾಗಿಯೇ ನೋಡಿ. ಮುಂದೆ ಹೇಳುವ ಮುಖ್ಯ ಸಂಗತಿ ಕಾಣುವುದು ಹಸಿರು ಹಾಗೇ ಇದ್ದಾಗ ಮಾತ್ರ.

ಕಣ್ಣಿಗೆ ಮೊದಲು ಬೀಳುವುದು ಹತ್ತಿರ ಹತ್ತಿರ ಸಾಲಾಗಿರುವ ನರಗಳು. ಪ್ರತಿ ನರದ ಸುತ್ತ ದೊಡ್ಡ ದೊಡ್ಡ ಜೀವಕೋಶಗಳ ಒಂದು ಬಳೆ ಇದೆ, ಅದರ ಹಸಿರು ಸುತ್ತಲಿನದಕ್ಕಿಂತ ಗಾಢ. ಆ ಬಳೆಗೆ ತಾಗಿಕೊಂಡು ತಿಳಿ ಹಸಿರಿನ ಜೀವಕೋಶಗಳು ಹೊರಮುಖವಾಗಿ ಒತ್ತಾಗಿ ನಿಂತಿವೆ. ಇದಕ್ಕೆ ‘ಕ್ರಾಂಜ್’ ರಚನೆ ಎಂದು ಹೆಸರು. 19ನೇ ಶತಮಾನದಲ್ಲಿ ಹಾಬರ್‌ಲಾಂಟ್ ಎಂಬ ಸಸ್ಯವಿಜ್ಞಾನಿ ಇದನ್ನು ವರ್ಣಿಸಿದಾಗ ಇದರ ಉಪಯೋಗ ಏನೆಂದು ಯಾರಿಗೂ ಗೊತ್ತಿರಲಿಲ್ಲ. 1966ರಲ್ಲಿ ಆಸ್ಟ್ರೇಲಿಯದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಕಬ್ಬಿನ ಎಲೆಯಲ್ಲಿ ಸಿ-4 ದ್ಯುತಿಸಂಶ್ಲೇಷಣೆಯ ದಾರಿಯನ್ನು ವಿವರಿಸಿದ ಮೇಲೆ ಅರ್ಥ ಗೊತ್ತಾಯಿತು. ಹೊರಗಿನ ಕೋಶಗಳು ಇಂಗಾಲದ ಡೈಆಕ್ಸೈಡನ್ನು ಹಿಡಿದು ಒಳಗಿನ ಬಳೆಗೆ ಸಾಗಿಸುತ್ತವೆ, ಸಕ್ಕರೆ ತಯಾರಾಗುವುದು ಬಳೆಯಲ್ಲಿ. ಬಿಸಿಲು ಹೆಚ್ಚು, ನೀರು ಕಡಿಮೆ ಇರುವ ಪಾವಗಡ, ಶಿರಾ ಕಡೆಯ ಖುಷ್ಕಿ ಹೊಲಗಳಿಗೆ ಈ ವ್ಯವಸ್ಥೆ ಹೇಳಿ ಮಾಡಿಸಿದ್ದು. ಕೆರೆ ಕೆಳಗಿನ ಗದ್ದೆಯಿಂದ ಒಂದು ಭತ್ತದ ಎಲೆ ತಂದು ಪಕ್ಕದಲ್ಲಿಟ್ಟು ನೋಡಿ. ನರಗಳ ನಡುವೆ ಅಂತರ ಹೆಚ್ಚು, ಬಳೆಯ ಕೋಶಗಳಲ್ಲಿ ಹಸಿರು ತೀರಾ ಕಡಿಮೆ. ಅದು ಸಿ-3, ಅಂದರೆ ಈ ಸಾಗಣೆ ವ್ಯವಸ್ಥೆ ಇಲ್ಲದ ಬಗೆ. ಮಕ್ಕಳಿಗಾದರೆ ಎರಡೂ ಎಲೆಗಳನ್ನು ಬೆಳಕಿಗೆ ಹಿಡಿಸಿ ಭೂತಗನ್ನಡಿಯಲ್ಲಿ ನರಗಳ ಒತ್ತು ತೋರಿಸಿದರೂ ಸಾಕು.

ನಿಮ್ಮ ಸಿರಿಧಾನ್ಯಗಳೆಲ್ಲ ಸಿ-4 ಆದ್ದರಿಂದ ಬಳೆ ಇದೆಯೋ ಇಲ್ಲವೋ ಎಂದಷ್ಟೇ ನೋಡಿದರೆ ಅವುಗಳ ನಡುವೆ ವ್ಯತ್ಯಾಸ ಸಿಗುವುದಿಲ್ಲ. ಬಳೆ ಹೇಗಿದೆ ಎಂದು ನೋಡಬೇಕು. 400 ಪಟ್ಟು ದೊಡ್ಡದು ಮಾಡುವ ಮಸೂರಕ್ಕೆ ಹೋಗಿ, ಎಲೆಯ ದೊಡ್ಡ ನರವೊಂದರಲ್ಲಿ ಎರಡು ವಿಷಯ ಗಮನಿಸಿ. ನರದೊಳಗೆ ಎರಡು ದೊಡ್ಡ ದುಂಡು ತೂತುಗಳಂತೆ ಕಾಣುವುದು ನೀರು ಸಾಗಿಸುವ ಕ್ಸೈಲಮ್ ನಳಿಕೆಗಳು. ಆ ನಳಿಕೆಗೂ ಹಸಿರು ಬಳೆಗೂ ನಡುವೆ ಸಣ್ಣ, ದಪ್ಪ ಗೋಡೆಯ, ಹಸಿರಿಲ್ಲದ ಕೋಶಗಳ ಇನ್ನೊಂದು ಬಳೆ ಇದೆಯೇ, ಇಲ್ಲ ನಳಿಕೆ ನೇರವಾಗಿ ಹಸಿರು ಕೋಶಕ್ಕೇ ತಾಗಿದೆಯೇ? ಇದು ಮೊದಲನೆಯದು. ಹಸಿರು ಬಳೆಯ ಕೋಶದೊಳಗೆ ಕ್ಲೋರೊಪ್ಲಾಸ್ಟುಗಳು, ಅಂದರೆ ಹಸಿರು ಬಣ್ಣದ ಕಣಗಳು, ಎಲ್ಲಿ ಗುಂಪುಗೂಡಿವೆ, ನರದ ಕಡೆಯ ಒಳಗೋಡೆಗೋ ಹೊರಗೋಡೆಗೋ? ಇದು ಎರಡನೆಯದು.

ನವಣೆ, ಊದಲು, ಹಾರಕಗಳಲ್ಲಿ ಬಳೆ ಒಂದೇ. ನಳಿಕೆಯ ಪಕ್ಕದಲ್ಲೇ ಹಸಿರು ಕೋಶ ಇರುತ್ತದೆ, ಅದರಲ್ಲಿ ಕ್ಲೋರೊಪ್ಲಾಸ್ಟುಗಳು ಹೊರಗೋಡೆಗೆ ಸರಿದಿರುತ್ತವೆ. ಜೋಳ, ಮುಸುಕಿನಜೋಳ, ಸಜ್ಜೆಗಳದ್ದೂ ಇದೇ ಒಂಟಿ ಬಳೆ. ಬರಗು ಮತ್ತು ಸಾಮೆಯಲ್ಲಿ ಬಳೆ ಎರಡು, ಹೊರಬಳೆಯ ಕ್ಲೋರೊಪ್ಲಾಸ್ಟುಗಳು ಒಳಗೋಡೆಗೆ ಮುದ್ದೆಯಾಗಿ ಕೂತಿರುತ್ತವೆ. ಲಿನೇಯಸ್ ಒಟ್ಟಿಗೆ ಇಟ್ಟಿದ್ದ ನವಣೆ ಮತ್ತು ಬರಗು ಇಲ್ಲಿ ಒಂದೇ ನೋಟಕ್ಕೆ ಬೇರೆಯಾಗುತ್ತವೆ.

ಇನ್ನು ರಾಗಿ. ಬಳೆ ಎರಡು, ಕ್ಲೋರೊಪ್ಲಾಸ್ಟು ಒಳಗೋಡೆಗೆ. ಥೇಟ್ ಬರಗಿನ ಹಾಗೆ! ಬಳೆಯೊಂದನ್ನೇ ನೆಚ್ಚಿಕೊಂಡವರು ಇಲ್ಲಿ ರಾಗಿಗೂ ಬರಗಿಗೂ ಗಂಟು ಹಾಕಿ, ನವಣೆಯನ್ನು ಹೊರಗೆ ಕಳಿಸಿಬಿಡುತ್ತಾರೆ. ನಿಜ ಸಂಬಂಧ ಅದಕ್ಕೆ ಉಲ್ಟಾ: ಬರಗಿಗೆ ನವಣೆ ಹತ್ತಿರ, ರಾಗಿ ದೂರ. ಸಿ-4 ವ್ಯವಸ್ಥೆ ಹುಲ್ಲುಗಳಲ್ಲಿ ಒಂದೇ ಸಲ ಹುಟ್ಟಿ ಹರಡಿದ್ದಲ್ಲ. ಬೇರೆ ಬೇರೆ ಕವಲುಗಳಲ್ಲಿ 20ಕ್ಕೂ ಹೆಚ್ಚು ಸಲ ಸ್ವತಂತ್ರವಾಗಿ ಹುಟ್ಟಿದೆ ಎಂದು ಈಗಿನ ವಂಶಾವಳಿಗಳು ತೋರಿಸುತ್ತವೆ. ಒಂದೇ ಕೆಲಸಕ್ಕೆ ಒಂದೇ ಬಗೆಯ ಉಪಾಯ ಎರಡು ಮನೆತನಗಳಲ್ಲಿ ಪ್ರತ್ಯೇಕವಾಗಿ ಬಂದಾಗ ಅದು ಹೋಲಿಕೆಯೇ ಹೊರತು ರಕ್ತಸಂಬಂಧವಲ್ಲ. ವರ್ಗೀಕರಣ ಕಲಿಸುವವರು ಮಕ್ಕಳಿಗೆ ಇದೊಂದನ್ನು ಮನದಟ್ಟು ಮಾಡಿಸಿದರೂ ದೊಡ್ಡ ಕೆಲಸ ಎಂದು ನಾನು ನಂಬಿದ್ದೇನೆ.

ಹಾಗಾದರೆ ರಕ್ತಸಂಬಂಧ ತೋರಿಸುವುದು ಯಾವುದು? ಎಲೆಯ ಹೊರಚರ್ಮ. ಎಲೆಯ ತುಂಡನ್ನು ಗಾಜಿನ ಮೇಲೆ ಕವುಚಿ ಹಾಕಿ, ನೀರು ಬಿಟ್ಟುಕೊಂಡು, ಬ್ಲೇಡಿನ ಅಂಚಿನಿಂದ ಮೇಲಿನ ಹಸಿರನ್ನೆಲ್ಲ ಮೆಲ್ಲಗೆ ಕೆರೆಯುತ್ತಾ ಹೋಗಿ. ಕೊನೆಗೆ ಗಾಜಿಗೆ ತಾಗಿದ್ದ ಪಾರದರ್ಶಕ ಪೊರೆ ಮಾತ್ರ ಉಳಿಯುತ್ತದೆ. ಅದಕ್ಕೆ ಸ್ವಲ್ಪ ಸ್ಯಾಫ್ರನಿನ್ ಎಂಬ ಕೆಂಪು ಬಣ್ಣ ಹಾಕಿ ತೊಳೆದು ನೋಡಿ. ನರಗಳ ಮೇಲೆ ಹಾದುಹೋಗುವ ಸಾಲಿನಲ್ಲಿ ಅಲ್ಲಲ್ಲಿ ಬಣ್ಣ ಹಿಡಿಯದೆ ಹೊಳೆಯುವ ಪುಟ್ಟ ಕಣಗಳು ಸಿಗುತ್ತವೆ. ಅವು ಸಿಲಿಕಾ ಕಣಗಳು. ಮಣ್ಣಿನಿಂದ ನೀರಿನ ಜೊತೆ ಹೀರಿದ ಸಿಲಿಕಾವನ್ನು ಹುಲ್ಲು ಈ ಕೋಶಗಳಲ್ಲಿ ಗಟ್ಟಿಮಾಡಿ ಇಡುತ್ತದೆ. ನವಣೆ, ಸಾಮೆ, ಬರಗು, ಕೊರಲೆ, ಹಾರಕ, ಊದಲು ಎಲ್ಲದರಲ್ಲೂ ಹೆಚ್ಚಾಗಿ ಕಾಣುವುದು ಎರಡು ತುದಿ ಉಬ್ಬಿ ನಡು ಸಣ್ಣಗಿರುವ ಡಂಬೆಲ್ ಆಕಾರ. ರಾಗಿಯಲ್ಲಿ ಕಾಣುವುದು ಕುದುರೆಯ ಜೀನಿನ ಆಕಾರ. ಶಾಲೆಯಂಗಳದಿಂದ ಒಂದೆಳೆ ಗರಿಕೆ ಕಿತ್ತು ತಂದು ಅದೇ ರೀತಿ ಕೆರೆದು ನೋಡಿ, ಅಲ್ಲೂ ಜೀನಿನ ಆಕಾರ. ಗಣೇಶನಿಗೆ ಏರಿಸುವ ಗರಿಕೆಯೂ ತಟ್ಟೆಯಲ್ಲಿನ ಮುದ್ದೆಯೂ ಒಂದೇ ಮನೆತನದವು ಎಂದು ಹೇಳಿದಾಗ ಮಕ್ಕಳ ಮುಖದಲ್ಲಿ ಮೂಡುವ ಬೆರಗನ್ನು ನೋಡಬೇಕು.

ಎರಡನೆಯ ಸಾಕ್ಷಿ ಸೂಕ್ಷ್ಮರೋಮ. ಕಣ್ಣಿಗೆ ಕಾಣುವ ಕೂದಲಲ್ಲ, ಎರಡೇ ಜೀವಕೋಶಗಳ ತೀರಾ ಚಿಕ್ಕ ರೋಮ. ನವಣೆಯ ಬಳಗದಲ್ಲಿ ಅದು ಸಪೂರ, ನೀಳ, ತುದಿಯ ಕೋಶದ ಗೋಡೆ ಎಷ್ಟು ತೆಳುವೆಂದರೆ ಎಷ್ಟೋ ಸಲ ಕುಸಿದುಬಿದ್ದಿರುತ್ತದೆ. ರಾಗಿ-ಗರಿಕೆಯ ಬಳಗದಲ್ಲಿ ಗಿಡ್ಡ, ತುದಿಯ ಕೋಶ ಗುಂಡಗೆ. ಗೋಧಿಯಲ್ಲಿ ಇಂಥ ರೋಮವೇ ಇಲ್ಲ. ರಾಗಿ ಗೋಧಿಯ ಪಾಲಿಗೆ ಸೇರಿದ್ದಲ್ಲ ಎನ್ನಲು ಇದೂ ಒಂದು ಕಾರಣವಾಯಿತು. ಇದನ್ನು ಹುಡುಕಲು ತಾಳ್ಮೆ ಬೇಕು. ಹತ್ತು ನಿಮಿಷ ನೋಡಿ ಸಿಗಲಿಲ್ಲವೆಂದು ‘ಇಲ್ಲ’ ಎಂದು ಬರೆಯಬೇಡಿ.

ಸಿಲಿಕಾ ಕಣದ ಆಕಾರವನ್ನು ಬಲವಾಗಿ ನಂಬುತ್ತೇನೆ, ಏಕೆಂದರೆ ಮಳೆ ಬಂದರೂ ಹೋದರೂ ರಾಗಿಯ ಕಣ ಡಂಬೆಲ್ ಆಗುವುದಿಲ್ಲ. ಆದರೂ ಒಂದೇ ಎಲೆಯಲ್ಲಿ ನಾಲ್ಕಾರು ಆಕಾರ ಬೆರೆತಿರುತ್ತವೆ. ಯಾವುದು ಹೆಚ್ಚು ಎಂದು ನೋಡಬೇಕು, ಅಪರೂಪಕ್ಕೆ ಕಂಡ ಒಂದನ್ನು ಹಿಡಿದು ಕೂರಬಾರದು. ಈ ಕಣಗಳು ಸಸ್ಯ ಕೊಳೆತು ಸಾವಿರಾರು ವರ್ಷವಾದರೂ ಮಣ್ಣಿನಲ್ಲಿ ಉಳಿಯುತ್ತವೆ. ಚೀನಾದ ಪ್ರಾಚೀನ ನೆಲೆಗಳಲ್ಲಿ ನವಣೆಯನ್ನೂ ಬರಗನ್ನೂ ಬೇರೆಬೇರೆಯಾಗಿ ಗುರುತಿಸಿರುವುದು ಇಂಥ ಸಿಲಿಕಾದಿಂದಲೇ, ಅಲ್ಲಿ ಬಳಸಿದ್ದು ಮಾತ್ರ ಎಲೆಯದ್ದಲ್ಲ, ಕಾಳಿನ ಹೊಟ್ಟಿನದ್ದು.

ಮಳೆ-ಬಿಸಿಲಿಗೆ ಬದಲಾಗುವ ಲಕ್ಷಣಗಳೂ ಬೇಕಾದಷ್ಟಿವೆ. ಪತ್ರರಂಧ್ರಗಳ, ಅಂದರೆ ಎಲೆಯಲ್ಲಿ ಗಾಳಿಯಾಡುವ ಸಣ್ಣ ತೂತುಗಳ, ಎಣಿಕೆಯನ್ನು ಕಾಲೇಜು ವಿದ್ಯಾರ್ಥಿಗಳು ಬಹಳ ಇಷ್ಟಪಡುತ್ತಾರೆ, ಎಣಿಸಿದರೆ ಒಂದು ಅಂಕಿ ಸಿಗುತ್ತದೆ, ಪಟ್ಟಿ ಮಾಡಬಹುದು. ಆದರೆ ಒಂದು ಚದರ ಮಿಲಿಮೀಟರಿನಲ್ಲಿ ಎಷ್ಟು ರಂಧ್ರ ಎಂಬುದು ನೆರಳು, ನೀರು, ಎಲೆಯ ಸ್ಥಾನ ಎಲ್ಲದಕ್ಕೂ ತಕ್ಕಂತೆ ಹೆಚ್ಚುಕಡಿಮೆ ಆಗುತ್ತದೆ. ಒಂದೇ ಗಿಡದ ಮೇಲಿನ ಎಲೆಗೂ ಕೆಳಗಿನ ಎಲೆಗೂ ವ್ಯತ್ಯಾಸ ಇರುತ್ತದೆ. ವಾತಾವರಣದ ಇಂಗಾಲದ ಡೈಆಕ್ಸೈಡ್ ಹೆಚ್ಚಾದ ಹಾಗೆ ರಂಧ್ರಗಳು ಕಡಿಮೆಯಾಗಿರುವುದನ್ನು ವುಡ್‌ವರ್ಡ್ 1987ರಲ್ಲಿ ಹಳೆಯ ಒಣ ಮಾದರಿಗಳಿಂದಲೇ ತೋರಿಸಿದರು. ಎಣಿಸಲೇಬೇಕಿದ್ದರೆ 1927ರಲ್ಲಿ ಸ್ಯಾಲಿಸ್ಬರಿ ಸೂಚಿಸಿದ ಪತ್ರರಂಧ್ರ ಸೂಚ್ಯಂಕ ಬಳಸಿ: ಒಟ್ಟು ಹೊರಚರ್ಮ ಕೋಶ ಮತ್ತು ರಂಧ್ರಗಳಲ್ಲಿ ರಂಧ್ರ ಶೇಕಡ ಎಷ್ಟು ಎಂಬ ಲೆಕ್ಕ. ಎಲೆ ಹಿಗ್ಗಿದರೂ ಕುಗ್ಗಿದರೂ ಅದು ಅಷ್ಟಾಗಿ ಅಲುಗುವುದಿಲ್ಲ. ಎಲೆಯ ದಪ್ಪ, ಕೂದಲಿನ ಒತ್ತು, ಬರದಲ್ಲಿ ಎಲೆ ಸುರುಳಿ ಸುತ್ತಿಕೊಳ್ಳಲು ನೆರವಾಗುವ ನೀರುಗುಳ್ಳೆಯಂಥ ದೊಡ್ಡ ಕೋಶಗಳ ಗಾತ್ರ, ಇವೂ ಹವೆಗೆ ತಕ್ಕಂತೆ ಬದಲಾಗುತ್ತವೆ. ಕೊಳವೆಬಾವಿ ನೀರು ಕುಡಿದ ರಾಗಿಯನ್ನು ಖುಷ್ಕಿ ರಾಗಿಯ ಜೊತೆ ಹೋಲಿಸಿ ಎರಡು ಪ್ರಭೇದ ಎಂದು ಬರೆಯುವ ಅಪಾಯ ಇರುವುದು ಇಲ್ಲೇ. ಹೋಲಿಸುವ ಗಿಡಗಳನ್ನು ಒಂದೇ ಪಾತಿಯಲ್ಲಿ ಬೆಳೆಸಿ, ಒಂದೇ ವಯಸ್ಸಿನ, ಒಂದೇ ಸ್ಥಾನದ ಎಲೆ ತೆಗೆದುಕೊಳ್ಳಿ. ದಕ್ಷಿಣ ಆಫ್ರಿಕಾದ ಎಲ್ಲಿಸ್ 1976 ಮತ್ತು 1979ರಲ್ಲಿ ಹುಲ್ಲಿನ ಎಲೆಯನ್ನು ವರ್ಣಿಸಲು ಒಂದು ಕ್ರಮ ಹಾಕಿಕೊಟ್ಟಿದ್ದು ಇಂಥ ಗೊಂದಲ ತಪ್ಪಿಸುವುದಕ್ಕೇ.

ಕೊರಲೆಯ ಕಥೆ ನಿಮ್ಮ ಬದುವಿನ ಹುಲ್ಲಿಗೆ ನೇರ ಸಂಬಂಧಪಟ್ಟದ್ದು. ಲಿನೇಯಸ್ ಇದನ್ನೂ ಪ್ಯಾನಿಕಮ್ ಎಂದಿದ್ದ. ಆಮೇಲೆ ಬ್ರಾಕಿಯೇರಿಯ ಆಯಿತು, ಈಗ ಯೂರೋಕ್ಲೋವ. ಕೋಲಾರದಲ್ಲೂ ನಿಮ್ಮ ಕಡೆಯೂ ಹಸು ಸಾಕುವವರು ನೆಟ್ಟಿರುವ ಗಿನಿ ಹುಲ್ಲೂ ಬಹುಕಾಲ ಪ್ಯಾನಿಕಮ್ ಆಗಿಯೇ ಇತ್ತು. ತೆನೆ ನೋಡಿದರೆ ಗಿನಿ ಹುಲ್ಲು ಸಾಮೆಯ ಹಾಗೆ ಬಿಡಿಬಿಡಿಯಾಗಿ ಹರಡಿರುತ್ತದೆ. ಆದರೆ ಅದರ ಎಲೆಯಲ್ಲಿ ಬಳೆ ಎರಡಿದ್ದರೂ ಹೊರಬಳೆಯ ಕ್ಲೋರೊಪ್ಲಾಸ್ಟುಗಳು ಒಳಗೋಡೆಗೆ ಹೋಗಿ ಕೂರುವುದಿಲ್ಲ, ಕೋಶದ ಉದ್ದಗಲಕ್ಕೆ ಹರಡಿರುತ್ತವೆ ಅಥವಾ ಹೊರಗಡೆಗೆ ಸರಿದಿರುತ್ತವೆ. ಆ ಕೋಶಗಳಲ್ಲಿ ಕೆಲಸ ಮಾಡುವ ಕಿಣ್ವವೂ ಬೇರೆ. ಕೊರಲೆಯ ಬಳಗದ್ದೂ ಹೀಗೇ. ಇಂಥ ಎಲೆ ಇರುವವೆಲ್ಲ ಒಂದು ಸಹಜ ಬಳಗವೆಂದು ಅಮೆರಿಕದ ವಾಲ್ಟರ್ ಬ್ರೌನ್ 1977ರಲ್ಲಿ ವಾದಿಸಿದರು. 1987ರಲ್ಲಿ ಗಿನಿ ಹುಲ್ಲನ್ನು ಪ್ಯಾನಿಕಮ್ಮಿನಿಂದ ತೆಗೆದು ಯೂರೋಕ್ಲೋವಕ್ಕೆ ಸೇರಿಸಿದರು, 2003ರಲ್ಲಿ ಅದಕ್ಕೆ ಮೆಗಾಥಿರ್ಸಸ್ ಎಂಬ ಬೇರೆ ಜಾತಿಯನ್ನೇ ಮಾಡಿದರು. ಹೆಸರು ಏನಾದರೂ ಇರಲಿ, ಅದು ಕೊರಲೆಯ ದಾಯಾದಿ, ಸಾಮೆಯದಲ್ಲ. ಡಿಎನ್‌ಎ ಕೂಡ ಈ ಮಾತನ್ನು ಒಪ್ಪಿದೆ. ಬಳೆಯ ಲಕ್ಷಣ ರಾಗಿಯ ವಿಷಯದಲ್ಲಿ ದಾರಿ ತಪ್ಪಿಸಿತು, ಇಲ್ಲಿ ಸರಿದಾರಿ ತೋರಿಸಿತು. ವ್ಯತ್ಯಾಸ ಇಷ್ಟೇ: ಇಲ್ಲಿ ಹೋಲಿಸುತ್ತಿರುವವೆಲ್ಲ ಒಂದೇ ಉಪಕುಟುಂಬದವೆಂದು ಹೊರಚರ್ಮ ಮೊದಲೇ ಖಾತ್ರಿ ಮಾಡಿರುತ್ತದೆ. ಆದ್ದರಿಂದ ಯಾವಾಗಲೂ ಹೊರಚರ್ಮ ಮೊದಲು, ಬಳೆ ಆಮೇಲೆ.

ಎಲೆ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಹೇಳಬೇಕು. ಸಾಮೆ ಮತ್ತು ಬರಗು ಇಬ್ಬರೂ ನಿಜವಾದ ಪ್ಯಾನಿಕಮ್ಮಿನವರು, ಒಳರಚನೆಯಲ್ಲಿ ಬೇರೆ ಮಾಡುವುದು ಕಷ್ಟ. ಅಲ್ಲಿ ಹೊರಗಿನ ನೋಟವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ: ಬರಗಿನ ಎಲೆಯ ಒರೆಯ (ಕಾಂಡವನ್ನು ಸುತ್ತಿಕೊಂಡಿರುವ ಎಲೆಯ ಬುಡಭಾಗ) ಮೇಲೆ ಉದ್ದನೆಯ ಬಿರುಸು ಕೂದಲು ಒತ್ತಾಗಿರುತ್ತವೆ, ಸಾಮೆ ಬಹುಮಟ್ಟಿಗೆ ನುಣುಪು. ರಾಗಿ ಹೊಲದಲ್ಲಿ ರಾಗಿಯಂತೆಯೇ ಬೆಳೆಯುವ ಕಳೆ ಹುಲ್ಲು ಎಲ್ಯುಸಿನ್ ಇಂಡಿಕಾ ರಾಗಿಯ ಜಾತಿಯದ್ದೇ, ಮೇಲಾಗಿ ರಾಗಿಯ ಪೂರ್ವಜರಲ್ಲಿ ಒಬ್ಬರ ಕಡೆಯದ್ದು. ಅದಕ್ಕೆ 18 ವರ್ಣತಂತು, ರಾಗಿಗೆ 36. ವರ್ಣತಂತು ದುಪ್ಪಟ್ಟಾದ ಗಿಡಗಳಲ್ಲಿ ಪತ್ರರಂಧ್ರದ ಎರಡು ಬದಿಯ ಕಾವಲು ಕೋಶ ಸಾಮಾನ್ಯವಾಗಿ ದೊಡ್ಡದಿರುತ್ತದೆ, ಆದರೆ ಅದು ಸುಳಿವು ಮಾತ್ರ. ಕಳೆ ಕೀಳುವ ಹೆಣ್ಣುಮಕ್ಕಳು ಚಪ್ಪಟೆಯಾದ, ಬಿಳಿಚಿಕೊಂಡ ಬುಡ ನೋಡಿ ಅದನ್ನು ಕಿತ್ತೆಸೆಯುತ್ತಾರಲ್ಲ, ಆ ಗುರುತು ಸೂಕ್ಷ್ಮದರ್ಶಕಕ್ಕಿಂತ ಬೇಗ ಕೆಲಸ ಮಾಡುತ್ತದೆ. ಇನ್ನು ರಾಗಿ ತಳಿಗಳ ಮಾತು ಬಿಡಿ. ಜಿಪಿಯು-28 ಯಾವುದು, ಎಂಆರ್-1 ಯಾವುದು ಎಂದು ಎಲೆ ಕೊಯ್ದು ಹೇಳಲಾಗದು. ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಲು ಸಾಧ್ಯವಾಗಿದ್ದು ಅವೆರಡೂ ಒಂದೇ ಪ್ರಭೇದ ಆದದ್ದರಿಂದ.

ಬದುವಿನ ಹುಲ್ಲಿಗೆ ಬರುತ್ತೇನೆ. ಗೊತ್ತಿರುವ ಸಾಮೆ, ಗೊತ್ತಿರುವ ಕೊರಲೆ ಎರಡರ ಎಲೆಯನ್ನೂ ರೈತರ ಹೊಲದಿಂದ ತಂದು, ಬದುವಿನ ಹುಲ್ಲಿನ ಜೊತೆಗೆ ಅದೇ ದಿನ ಕೊಯ್ಯಿರಿ. ಹೋಲಿಕೆಗೆ ಪಕ್ಕದಲ್ಲಿ ಖಚಿತ ಮಾದರಿ ಇಲ್ಲದೆ ಪುಸ್ತಕದ ಚಿತ್ರ ನೋಡಿ ಹೇಳುವುದು ಬೇಡ. ಹೊರಚರ್ಮದಲ್ಲಿ ಡಂಬೆಲ್ ಕಣ ಇದೆಯೆಂದು ಖಾತ್ರಿಯಾದ ಮೇಲೆ ಬಳೆ ನೋಡಿ. ಬಳೆ ಎರಡಿದ್ದು, ಕ್ಲೋರೊಪ್ಲಾಸ್ಟುಗಳು ಒಳಗೋಡೆಗೆ ಅಂಟಿದ್ದರೆ ಸಾಮೆ ಎಂದವರ ಮಾತು ಸರಿಯಿರಬಹುದು, ಒರೆಯ ಕೂದಲು ನೋಡಿ ಬರಗಲ್ಲವೆಂದು ಖಚಿತ ಮಾಡಿಕೊಳ್ಳಿ. ಹರಡಿದ್ದರೆ ಅಥವಾ ಹೊರಗೆ ಸರಿದಿದ್ದರೆ ಅದು ಕೊರಲೆಯ ಬಳಗದ್ದು. ಕೊರಲೆಯೇ ಎನ್ನಲು ಅಷ್ಟು ಸಾಲದು. ಯೂರೋಕ್ಲೋವದ ಕಾಡು ಪ್ರಭೇದಗಳಿವೆ, ಯಾರದ್ದೋ ಮೇವಿನ ಮಡಿಯಿಂದ ತಪ್ಪಿಸಿಕೊಂಡು ಬಂದ ಎಳೆಯ ಗಿನಿ ಹುಲ್ಲೂ ಆಗಿರಬಹುದು. ತೆನೆ ಬರುವವರೆಗೆ ಬಿಟ್ಟು, ಬೇರು ಸಮೇತ ಕಿತ್ತು, ಹಳೆಯ ಪತ್ರಿಕೆಯ ಮಡಿಕೆಯಲ್ಲಿ ಒತ್ತಿಟ್ಟು, ಊರು, ತಾರೀಕು, ಮಣ್ಣಿನ ಬಗೆ ಬರೆದಿಡಿ. ನೀವು ಕೊಯ್ದ ಎಲೆ ಇದೇ ಗಿಡದ್ದು ಎಂದೂ ಬರೆಯಿರಿ. ಇಷ್ಟಿದ್ದರೆ ಬೆಂಗಳೂರಿನ ಜಿಕೆವಿಕೆಯಂಥ (ಕೃಷಿ ವಿಶ್ವವಿದ್ಯಾಲಯದ ಆವರಣ) ಕಡೆ ಹುಲ್ಲು ಬಲ್ಲವರಿಗೆ ತೋರಿಸಲು ಬರುತ್ತದೆ. ಮೂರನೆಯ ಸಾಧ್ಯತೆಯೂ ಇದೆ. ಬಳೆ ಒಂದೇ ಇದ್ದು, ನಳಿಕೆ ನೇರ ಹಸಿರು ಕೋಶಕ್ಕೆ ತಾಗಿದ್ದರೆ ಅದು ಸಾಮೆಯೂ ಅಲ್ಲ, ಕೊರಲೆಯೂ ಅಲ್ಲ. ಆಗ ಎಲೆ ಮತ್ತು ಒರೆ ಕೂಡುವ ಸಂದಿಯನ್ನು ಭೂತಗನ್ನಡಿಯಲ್ಲಿ ನೋಡಿ: ಅಲ್ಲಿ ಪೊರೆಯಾಗಲಿ ಕೂದಲಿನ ಸಾಲಾಗಲಿ ಏನೂ ಇಲ್ಲದೆ ಬೋಳಾಗಿದ್ದರೆ, ಕಾಡು ಊದಲಿರಬೇಕು ಎಂಬ ಊಹೆಯಿಂದ ಹುಡುಕಲು ಶುರುಮಾಡಿ.